ಮಾವನ ಸೈಕಲ್ಲು, ಇಳಿಯದ ಸೀಟು

ಬ್ಯಾಡಗಿ ಅಂದರೆ ಮೆಣಸಿನಕಾಯಿ. ಇದು ಎಲ್ಲರಿಗೂ ಗೊತ್ತು. ಸುಗ್ಗಿ ಬಂತೆಂದರೆ ಊರೇ ಕೆಂಪಾಗುತ್ತದೆ. ಸೋಮವಾರ, ಗುರುವಾರ ಮಾರುಕಟ್ಟೆಯಲ್ಲಿ ಚೀಲಗಳ ರಾಶಿ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತಾರೆ. ಆದರೂ ಮೂಗಿಗೆ ಘಾಟು ತಪ್ಪುವುದಿಲ್ಲ. ಕಾಯಿಯ ತೊಟ್ಟು ಬಿಡಿಸಲು ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಬರುತ್ತಾರೆ.

ಅಂಥ ಒಬ್ಬ ಅಕ್ಕನನ್ನು ಮನಸ್ಸಿನಲ್ಲಿ ಎಣಿಸಿಕೊಳ್ಳಿ. ಅವಳ ಮನೆ ಮೋಟೆಬೆನ್ನೂರಿನ ಕಡೆ. ಅಲ್ಲಿಂದ ಬ್ಯಾಡಗಿಗೆ ಐದಾರು ಕಿಲೋಮೀಟರು. ತೊಟ್ಟು ಬಿಡಿಸುವ ಕೆಲಸಕ್ಕೆ ತೂಕದ ಮೇಲೆ ಕೂಲಿ. ಬೇಗ ಹೋದವರಿಗೆ ಹೆಚ್ಚು ಕಾಯಿ. ತಡವಾದವರಿಗೆ ಉಳಿದದ್ದು. 2023ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ನಿಜ. ಆದರೆ ಬಸ್ಸು ನಮ್ಮ ಹೊತ್ತಿಗೆ ಬರಬೇಕಲ್ಲ? ಬಸ್ಸು ತಪ್ಪಿದರೆ ಟೆಂಪೋ. ಟೆಂಪೋಕ್ಕೆ ದುಡ್ಡು. ಅದೂ ಇಲ್ಲದಿದ್ದರೆ ನಡಿಗೆ.

ಅವಳ ಮನೆಯ ಹಿತ್ತಲಲ್ಲಿ ಒಂದು ಸೈಕಲ್ಲಿದೆ. ಮಾವನವರ ಕಾಲದ್ದು. ದೊಡ್ಡ ಚಕ್ರ, ದಪ್ಪ ಕ್ಯಾರಿಯರ್, ಕಪ್ಪು ಬಣ್ಣ. ಮಾವ ತೀರಿಹೋಗಿ ವರ್ಷಗಳಾದವು. ಅಂದಿನಿಂದ ಸೈಕಲ್ಲು ಗೋಡೆಗೆ ಒರಗಿ ನಿಂತಿದೆ. ಅಕ್ಕನಿಗೆ ಸೈಕಲ್ ಬರುತ್ತದೆ. ಚಿಕ್ಕವಳಿದ್ದಾಗ ತಾಸಿಗೆ ಬಾಡಿಗೆ ಕೊಟ್ಟು ಕಲಿತಿದ್ದಳು. ಈ ಸೈಕಲ್ಲನ್ನೇ ಯಾಕೆ ಹತ್ತಬಾರದು?

ಟೈರು ಹೊಸದು ಹಾಕಿಸಿದಳು. ಚೈನಿಗೆ ಎಣ್ಣೆ ಬಿಟ್ಟಳು. ಎಲ್ಲಾ ಸರಿಯಾಯಿತು. ಆದರೆ ಒಂದು ತೊಡಕು. ಮಾವನವರು ಎತ್ತರದ ಆಳು. ಅವರು ತಮ್ಮ ಎತ್ತರಕ್ಕೆ ಸೀಟು ಏರಿಸಿ ಇಟ್ಟಿದ್ದರು. ಅಕ್ಕ ಕುಳಿತರೆ ಕಾಲು ಪೆಡಲಿಗೇ ಸಿಗುವುದಿಲ್ಲ, ನೆಲ ಎಲ್ಲಿಂದ ಸಿಗಬೇಕು? ಸೀಟು ಇಳಿಸೋಣ ಅಂತ ಬೋಲ್ಟು ಸಡಿಲು ಮಾಡಿದಳು. ಸೀಟು ಅಲುಗಲಿಲ್ಲ. ಜಗ್ಗಿದಳು. ಒತ್ತಿದಳು. ಅಳ್ಳಾಡಿಸಿದಳು. ಊಹೂಂ.

ಮೈದುನ ಬಂದ. "ವೈನಿ, ಸುತ್ತಿಗಿ ಕೊಡ್ರಿ. ಎರಡು ಬಿಟ್ರ ತಾನ ಇಳೀತೈತಿ" ಅಂದ.

ಗುಜರಿಯವನು ಬಂದ. "ಇದು ಇನ್ನ ಬರೂದಿಲ್ಲ ಬಿಡ್ರಿ. ಕಿಲೋ ಲೆಕ್ಕಕ್ಕ ಕೊಡ್ರಿ" ಅಂದ.

ಅಕ್ಕ ಇಬ್ಬರ ಮಾತೂ ಕೇಳಲಿಲ್ಲ. ಸೈಕಲ್ಲು ತಳ್ಳಿಕೊಂಡು ರಿಪೇರಿ ಅಂಗಡಿಯ ಕಾಕಾನ ಹತ್ತಿರ ಹೋದಳು.

ಒಳಗೆ ಏನಾಗಿದೆ?

ಕಾಕಾ ಸೈಕಲ್ಲು ನೋಡಿದ. ಸೀಟಿನ ಕೆಳಗೆ ಬೆರಳಿಟ್ಟು ತೋರಿಸಿದ.

"ಇಲ್ನೋಡು ತಂಗೀ. ಜಂಗು ಹಿಡದೈತಿ. ಬೋಲ್ಟು ಬಿಟ್ರೂ ಜಂಗು ಬಿಟ್ಟಿಲ್ಲ."

ಜಂಗು ಅಂದರೆ ತುಕ್ಕು. ಅದು ಹೇಗೆ ಹಿಡಿಯಿತು ಅಂತ ಮೊದಲು ತಿಳಿಯೋಣ.

ಸೈಕಲ್ಲಿನ ಸೀಟು ಒಂದು ಕಬ್ಬಿಣದ ಪೈಪಿನ ಮೇಲೆ ಕುಳಿತಿರುತ್ತದೆ. ಅಂಗಡಿಯವರು ಇದಕ್ಕೆ ಸೀಟ್ ಪಿಲ್ಲರ್ ಅನ್ನುತ್ತಾರೆ. ನಾವು ಸೀಟಿನ ಪೈಪು ಅನ್ನೋಣ. ಈ ಪೈಪು ಸೈಕಲ್ಲಿನ ಫ್ರೇಮಿನೊಳಗೆ ಇಳಿದಿರುತ್ತದೆ. ಅಂದರೆ ಪೈಪಿನೊಳಗೆ ಪೈಪು. ಎರಡಕ್ಕೂ ನಡುವೆ ಇರುವ ಸಂದು ಬಹಳ ಸಣ್ಣದು. ಫ್ರೇಮಿನ ಬಾಯಿಯಲ್ಲಿ ಹಿಂದುಗಡೆ ಒಂದು ಸೀಳು ಇರುತ್ತದೆ. ಅಲ್ಲಿ ಬೋಲ್ಟು ಬಿಗಿದರೆ ಸೀಳು ಕೂಡಿಕೊಳ್ಳುತ್ತದೆ, ಪೈಪನ್ನು ಹಿಡಿಯುತ್ತದೆ. ಬೋಲ್ಟು ಸಡಿಲಿಸಿದರೆ ಬಿಡುತ್ತದೆ. ಬಿಡಬೇಕು.

ಈಗ ಮಳೆ ಬಂತು ಅನ್ನಿ. ಮಳೆಯ ನೀರು ಸೀಟಿನ ಮೇಲೆ ಬೀಳುತ್ತದೆ. ಸೀಟಿನಿಂದ ಪೈಪಿನ ಮೇಲೆ ಹರಿಯುತ್ತದೆ. ಪೈಪಿನಿಂದ ಸೀಳಿನೊಳಗೆ ಇಳಿಯುತ್ತದೆ. ಅಲ್ಲಿ ಬಿಸಿಲಿಲ್ಲ, ಗಾಳಿ ಕಡಿಮೆ. ನೀರು ಬೇಗ ಆರುವುದಿಲ್ಲ. ಕಬ್ಬಿಣ, ನೀರು, ಗಾಳಿಯೊಳಗಿನ ಆಮ್ಲಜನಕ. ಈ ಮೂರೂ ಸೇರಿದರೆ ತುಕ್ಕು ಹುಟ್ಟುತ್ತದೆ.

ಮುಖ್ಯವಾದ ಮಾತು ಇಲ್ಲಿದೆ. ತುಕ್ಕು ಹಿಡಿದರೆ ಕಬ್ಬಿಣ ಸವೆಯುತ್ತದೆ ಅಂತ ನಮಗೆ ಗೊತ್ತು. ಸವೆದರೆ ಸಂದು ದೊಡ್ಡದಾಗಬೇಕಲ್ಲ? ಸೀಟು ಸಡಿಲಾಗಬೇಕಲ್ಲ? ಹಾಗಾಗುವುದಿಲ್ಲ. ಯಾಕೆಂದರೆ ತುಕ್ಕು ಉಬ್ಬುತ್ತದೆ. ಒಂದು ಪಾಲು ಕಬ್ಬಿಣ ತುಕ್ಕಾದರೆ ಅದಕ್ಕೆ ಎರಡು ಪಾಲಿಗೂ ಹೆಚ್ಚು ಜಾಗ ಬೇಕು. ಸಂದಿನೊಳಗೆ ಅಷ್ಟು ಜಾಗ ಎಲ್ಲಿದೆ? ಅದು ಎರಡೂ ಕಡೆ ಒತ್ತುತ್ತದೆ. ಮಳೆಗಾಲದಲ್ಲಿ ಕಟ್ಟಿಗೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದಿಲ್ಲವೇ? ಹಾಗೆಯೇ. ಹಳೆಯ ಆರ್‌ಸಿಸಿ ಮನೆಗಳನ್ನು ನೋಡಿ. ಮೇಲ್ಛಾವಣಿಯ ಸಿಮೆಂಟು ಚಕ್ಕೆಚಕ್ಕೆಯಾಗಿ ಉದುರಿರುತ್ತದೆ. ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ ಸಿಮೆಂಟನ್ನೇ ಒಡೆದಿರುತ್ತದೆ. ಸಿಮೆಂಟು ಒಡೆಯುವ ಶಕ್ತಿ ಅದು. ನಮ್ಮ ಎರಡು ಕೈ ಜಗ್ಗಿದರೆ ಬಿಟ್ಟೀತೇ?

"ಹಂಗಾದ್ರ ಇದು ಬರೂದಿಲ್ಲೇನು ಕಾಕಾ?"

"ಬರ್ತೈತಿ ಯವ್ವಾ. ಜಗ್ಗಿದ್ರ ಬರೂದಿಲ್ಲ. ಎಣ್ಣಿ ಕುಡಿಸಿ, ತಿರುವಿದ್ರ ಬರ್ತೈತಿ. ಆದ್ರ ತಡಿಬೇಕು."

ಮೊದಲು ಅಳತೆ ನೋಡಿ

ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದು ವಿಷಯ ನೋಡಿಕೊಳ್ಳಬೇಕು. ಸೀಟು ಪೂರ್ತಿ ಇಳಿಸಿದರೂ ಈ ಸೈಕಲ್ಲು ನಿಮಗೆ ಆಗುತ್ತದೆಯೇ? ಆಗದಿದ್ದರೆ ನಾಲ್ಕು ದಿನದ ಕಷ್ಟ ವ್ಯರ್ಥ.

ನಮ್ಮ ಕಡೆಯ ಕಪ್ಪು ದೊಡ್ಡ ಸೈಕಲ್ಲುಗಳ ಫ್ರೇಮು ಹೆಚ್ಚಾಗಿ 22 ಇಂಚು, 24 ಇಂಚು ಎಂಬ ಎರಡು ಅಳತೆಯಲ್ಲಿ ಬಂದಿವೆ. 24 ಇಂಚಿನದು ಎತ್ತರದವರಿಗೆ. ಟೇಪು ಇಲ್ಲದಿದ್ದರೂ ಚಿಂತೆಯಿಲ್ಲ. ಸೈಕಲ್ಲಿನ ನಡುವಿನ ಬಾರು ಎರಡು ಕಾಲಿನ ನಡುವೆ ಬರುವಂತೆ ನಿಂತು ನೋಡಿ. ಎರಡೂ ಪಾದ ನೆಲಕ್ಕೆ ಊರಿರಬೇಕು. ಬಾರು ಮೈಗೆ ಒತ್ತಬಾರದು. ಹಾಗಿದ್ದರೆ ಸೀಟು ಇಳಿಸಿದ ಮೇಲೆ ಆ ಸೈಕಲ್ಲು ನಿಮ್ಮದೇ. ಒತ್ತಿದರೆ ಬೇರೆ ಸೈಕಲ್ಲು ನೋಡುವುದು ಮೇಲು.

ಅಕ್ಕ ನಿಂತು ನೋಡಿದಳು. ಬಾರು ಒತ್ತಲಿಲ್ಲ. ಅದು 22 ಇಂಚಿನದು.

ನಡುವೆ ಬಾರಿರುವ ಗಂಡಸರ ಸೈಕಲ್ಲು ಹೆಣ್ಣುಮಕ್ಕಳಿಗೆ ಯಾಕೆ ಅಂತ ಕೆಲವರು ಕೇಳಬಹುದು. ಅದಕ್ಕೆ ಪಕ್ಕದ ತಮಿಳುನಾಡಿನ ಕಡೆ ನೋಡಬೇಕು. ಅಲ್ಲಿ ಪುದುಕೋಟೈ ಅಂತ ಒಂದು ಜಿಲ್ಲೆ. 1990ರ ದಶಕದ ಮೊದಲಲ್ಲಿ ಅಲ್ಲಿ ಅಕ್ಷರ ಕಲಿಸುವ ದೊಡ್ಡ ಚಳವಳಿ ನಡೆಯಿತು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್. ಅಕ್ಷರದ ಜತೆಗೆ ಹೆಣ್ಣುಮಕ್ಕಳಿಗೆ ಸೈಕಲ್ಲನ್ನೂ ಕಲಿಸಿದರು. ಸಾವಿರಾರು ಹೆಣ್ಣುಮಕ್ಕಳು ಕಲಿತರು. ಲೇಡೀಸ್ ಸೈಕಲ್ಲು ಸಾಲದೆ ಬಂತು. ಅವರು ಗಂಡಸರ ಸೈಕಲ್ಲನ್ನೇ ಹತ್ತಿದರು. ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು ಅಂತ ಅದನ್ನೇ ಮೆಚ್ಚಿದವರೂ ಇದ್ದರು.

ಎಣ್ಣೆ ಕುಡಿಸುವುದು

ಈಗ ಕೆಲಸಕ್ಕೆ ಬರೋಣ. ಕಾಕಾ ಮೊದಲು ಬೋಲ್ಟನ್ನು ಸಡಿಲಿಸಿ ಬಿಡಲಿಲ್ಲ. ಪೂರ್ತಿ ಬಿಚ್ಚಿ ಹೊರಗೆ ತೆಗೆದ. ಇದು ಬಹಳ ಜನ ಮರೆಯುವ ಕೆಲಸ. ಬೋಲ್ಟು ಒಳಗೇ ಇದ್ದರೆ ಸೀಳು ಸ್ವಲ್ಪ ಹಿಡಿದೇ ಇರುತ್ತದೆ. ಕೆಲವು ಸೈಕಲ್ಲಿಗೆ ಇದೇ ಬೋಲ್ಟು ಹಿಂದಿನ ಚಕ್ರಕ್ಕೆ ಹೋಗುವ ಎರಡು ಕಡ್ಡಿಗಳನ್ನೂ ಹಿಡಿದಿರುತ್ತದೆ. ಅಂಥದ್ದಾದರೆ ಯಾವುದು ಹೇಗಿತ್ತು ಅಂತ ನೋಡಿಟ್ಟುಕೊಂಡು ಬಿಚ್ಚಬೇಕು. ಬೋಲ್ಟೇ ತುಕ್ಕು ಹಿಡಿದು ಮುರಿದರೆ ಗಾಬರಿ ಬೇಡ. ಹೊಸ ಬೋಲ್ಟು ಅಗ್ಗದ ಸಾಮಾನು.

ಆಮೇಲೆ ಸೀಟನ್ನು ಪೈಪಿನಿಂದ ಬಿಚ್ಚಿ ಪಕ್ಕಕ್ಕಿಟ್ಟ. ಸೀಳಿನೊಳಗಿನ ಮಣ್ಣು, ಹಳೇ ಗ್ರೀಸು, ತುಕ್ಕಿನ ಪುಡಿ ಎಲ್ಲಾ ತಂತಿಯಿಂದ ಕೆರೆದು ತೆಗೆದ. ಮಣ್ಣು ತುಂಬಿದ್ದರೆ ಎಣ್ಣೆ ಒಳಗೆ ಹೇಗೆ ಹೋದೀತು?

ಯಾವ ಎಣ್ಣೆ ಬಿಡಬೇಕು? ತೆಳುವಾದ ಎಣ್ಣೆ. ಮೊದಲು ಎಲ್ಲರೂ ಚಿಮಣಿ ಎಣ್ಣೆ ಬಿಡುತ್ತಿದ್ದರು. ಈಗ ಅದು ಮೊದಲಿನಂತೆ ಸಿಗುವುದಿಲ್ಲ. ಡೀಸೆಲ್ ಆದರೂ ನಡೆಯುತ್ತದೆ. ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಕೂಡಿಸಿದರೆ ಇನ್ನೂ ಒಳ್ಳೆಯದು. ಬಿಗಿದ ನಟ್ಟು ಬಿಡಿಸುವ ಸ್ಪ್ರೇ ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ. ದುಡ್ಡಿದ್ದವರು ಅದನ್ನೇ ತರಬಹುದು. ಗ್ರೀಸು, ಹರಳೆಣ್ಣೆ ಈ ಹೊತ್ತಿಗೆ ಪ್ರಯೋಜನವಿಲ್ಲ. ಅವು ದಪ್ಪ. ಬಾಗಿಲಲ್ಲೇ ನಿಲ್ಲುತ್ತವೆ.

ದೀಪದ ಬತ್ತಿ ನೋಡಿ. ಎಣ್ಣೆ ಕೆಳಗಿದೆ, ಜ್ಯೋತಿ ಮೇಲಿದೆ. ಎಣ್ಣೆ ತಾನಾಗಿ ಮೇಲೇರುತ್ತದೆ. ಸಣ್ಣ ಸಂದು ಸಿಕ್ಕರೆ ತೆಳು ಎಣ್ಣೆ ನುಸುಳುತ್ತದೆ. ಮೇಲಕ್ಕೂ, ಕೆಳಕ್ಕೂ. ತುಕ್ಕಿನೊಳಗೂ ಅಂಥ ಸಣ್ಣ ಸಂದುಗಳಿರುತ್ತವೆ. ಎಣ್ಣೆ ಅದರೊಳಗೆ ನಿಧಾನವಾಗಿ ಹರಿಯುತ್ತದೆ. ನಿಧಾನ ಅಂದರೆ ನಿಧಾನ. ಒಂದು ತಾಸಿನಲ್ಲಿ ಆಗುವ ಕೆಲಸ ಅಲ್ಲ.

ಕಾಕಾ ಪೈಪಿನ ಸುತ್ತ ಹಳೇ ಅರಿವೆಯನ್ನು ಸಿಂಬಿಯ ಹಾಗೆ ಸುತ್ತಿದ. ಅದಕ್ಕೆ ಎಣ್ಣೆ ಬಿಟ್ಟ. ಸೀಳಿಗೂ ಬಿಟ್ಟ. ಅರಿವೆ ಇದ್ದರೆ ಎಣ್ಣೆ ಹರಿದು ಹೋಗದೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಸಣ್ಣ ಸುತ್ತಿಗೆ ತಗೊಂಡು ಫ್ರೇಮಿನ ಬಾಯಿಯ ಸುತ್ತ ಟಕ್ ಟಕ್ ಅಂತ ತಟ್ಟಿದ. ಹೊಡೆಯಲಿಲ್ಲ, ತಟ್ಟಿದ. ತಟ್ಟಿದಾಗ ತುಕ್ಕು ನಡುಗುತ್ತದೆ. ಸಣ್ಣ ಬಿರುಕು ಬಿಡುತ್ತದೆ. ಎಣ್ಣೆಗೆ ದಾರಿಯಾಗುತ್ತದೆ.

"ಮನಿಗೆ ಒಯ್ಯವ್ವಾ. ಮುಂಜಾನೆ ಒಮ್ಮೆ, ಸಂಜಿಕ ಒಮ್ಮೆ ಎಣ್ಣಿ ಬಿಡು. ಬಿಟ್ಟಾಗೆಲ್ಲ ಹೀಂಗ ತಟ್ಟು. ಮೂರು ದಿನ ಬಿಟ್ಟು ಬಾ. ಅಲ್ಲೀತನಕ ಯಾರಿಗೂ ಜಗ್ಗಾಕ ಕೊಡಬ್ಯಾಡ."

ಎಣ್ಣೆ ಬಿಡುವಾಗ ಎರಡು ಎಚ್ಚರ. ಡೀಸೆಲ್ಲು ಇಟ್ಟ ಬಾಟಲಿ ಮಕ್ಕಳ ಕೈಗೆ ಸಿಗಬಾರದು. ನೀರಿನ ಬಾಟಲಿಯಲ್ಲಿ ಹಾಕಿ ಇಡಲೇಬಾರದು. ಒಲೆಯ ಹತ್ತಿರವೂ ಬೇಡ. ಇನ್ನೊಂದು, ಎಣ್ಣೆ ಕೆಳಗೆ ಸೋರಿ ಹಿಂದಿನ ಚಕ್ರದ ರಿಮ್ಮಿಗೆ ಇಳಿಯುತ್ತದೆ. ರಿಮ್ಮಿಗೆ ಎಣ್ಣೆ ತಾಗಿದರೆ ಬ್ರೇಕು ಹಿಡಿಯುವುದಿಲ್ಲ. ಅದನ್ನು ಒರೆಸಬೇಕು.

ಸುತ್ತಿಗೆ ಯಾಕೆ ಬೇಡ?

ಮೈದುನನ ಸುತ್ತಿಗೆಯ ಮಾತು ಅಷ್ಟು ತಪ್ಪೂ ಅಲ್ಲ, ಸರಿಯೂ ಅಲ್ಲ. ಪೈಪಿನ ತಲೆಯ ಮೇಲೆ ಕಟ್ಟಿಗೆಯ ತುಂಡಿಟ್ಟು ಕೆಳಮುಖವಾಗಿ ಒಂದೆರಡು ಸಣ್ಣ ಏಟು ಕೊಡಬಹುದು. ಕೂದಲೆಳೆಯಷ್ಟು ಕದಲಿದರೂ ಸಾಕು, ಹಿಡಿತ ಮುರಿಯುತ್ತದೆ. ಆದರೆ ಜೋರಾಗಿ ಹೊಡೆದರೆ ಏನಾಗುತ್ತದೆ? ಪೈಪಿನ ತಲೆ ಅಣಬೆಯ ಹಾಗೆ ಹರಡಿಕೊಳ್ಳುತ್ತದೆ. ಸೀಟು ಮತ್ತೆ ಕೂರುವುದಿಲ್ಲ. ಇಲ್ಲವೇ ಪೈಪು ಒಳಗೆ ಇಳಿದು ಇನ್ನೂ ಕೆಳಗೆ ಹೋಗಿ ಕಚ್ಚಿಕೊಳ್ಳುತ್ತದೆ. ಆಗ ಹಿಡಿಯಲು ಹೊರಗೆ ಏನೂ ಉಳಿದಿರುವುದಿಲ್ಲ.

"ಸೀಟು ಇಳಿಸೂದ ಬೇಕಾಗಿತ್ತಲ್ಲ, ಹೊಡದು ಇಳಿಸಿದ್ರ ಆತು" ಅಂತ ಅನ್ನಿಸಬಹುದು. ಇವತ್ತು ಇಳಿಯಿತು ಅನ್ನಿ. ತುಕ್ಕು ಒಳಗೇ ಉಳಿಯಿತು. ನಾಳೆ ಏರಿಸಬೇಕಾದರೆ? ಒಮ್ಮೆ ಪೂರ್ತಿ ಹೊರಗೆ ತೆಗೆಯಲೇಬೇಕು.

ಸೀಳಿನೊಳಗೆ ದಪ್ಪ ಸ್ಕ್ರೂಡ್ರೈವರ್ ಹಾಕಿ ಅಗಲ ಮಾಡುವವರೂ ಇದ್ದಾರೆ. ತುಸು ಮಾಡಿದರೆ ತಪ್ಪಿಲ್ಲ. ಹೆಚ್ಚಾದರೆ ಅಲ್ಲೇ ಬಿರುಕು ಬಿಡುತ್ತದೆ. ಫ್ರೇಮು ಬಿರಿದರೆ ಸೈಕಲ್ಲು ಹೋದಂತೆ. ಇದೊಂದು ಲೆಕ್ಕ ಯಾವಾಗಲೂ ಮನಸ್ಸಿನಲ್ಲಿರಲಿ. ಸೀಟಿನ ಪೈಪು ಹಾಳಾದರೆ ಹೊಸದು ಸಿಗುತ್ತದೆ, ಅಗ್ಗಕ್ಕೆ ಸಿಗುತ್ತದೆ. ಫ್ರೇಮು ಹಾಗಲ್ಲ. ಹಾಳಾಗುವುದಿದ್ದರೆ ಪೈಪು ಹಾಳಾಗಲಿ.

ನಮ್ಮ ದೇಶದಲ್ಲಿ ಈ ಕಪ್ಪು ಸೈಕಲ್ಲಿನ ಅಚ್ಚು ಬಹಳ ವರ್ಷ ಬದಲಾಗಲಿಲ್ಲ. ಸೋನಿಪತ್‌ನಲ್ಲಿ ಅಟ್ಲಾಸ್ 1951ರಲ್ಲಿ ಶುರುವಾಯಿತು. ಲೂಧಿಯಾನದಲ್ಲಿ ಹೀರೋ 1956ರಲ್ಲಿ. ಅಟ್ಲಾಸಿನವರ ಕೊನೆಯ ಕಾರ್ಖಾನೆ 2020ರ ಜೂನ್‌ನಲ್ಲಿ ನಿಂತಿತು. ಆದರೂ ಇಂಥ ಹಳೇ ಸೈಕಲ್ಲಿಗೆ ಸಾಮಾನು ಇನ್ನೂ ಹುಡುಕಿದರೆ ಸಿಗುತ್ತದೆ. ಹಳೇ ಪೈಪನ್ನು ಅಂಗಡಿಗೆ ಒಯ್ದು ಅಳತೆ ಕೂಡಿಸಿ ತರಬೇಕು, ಅಷ್ಟೆ. ಒಂದು ಕೂದಲಿನಷ್ಟು ದಪ್ಪ ಹೆಚ್ಚಾದರೂ ಒಳಗೆ ಹೋಗುವುದಿಲ್ಲ. ತೆಳುವಾದರೆ ಸೀಟು ತಿರುಗುತ್ತಿರುತ್ತದೆ.

ತಿರುವುವುದು

ನಾಲ್ಕನೆಯ ದಿನ ಅಕ್ಕ ಮತ್ತೆ ಅಂಗಡಿಗೆ ಬಂದಳು. ಮೈದುನನನ್ನೂ ಕರೆದುಕೊಂಡು ಬಂದಳು. ಇದು ಇಬ್ಬರ ಕೆಲಸ.

ಜಗ್ಗುವುದಕ್ಕೂ ತಿರುವುವುದಕ್ಕೂ ಏನು ವ್ಯತ್ಯಾಸ? ಜಗ್ಗಿದರೆ ನಮ್ಮ ರಟ್ಟೆಯ ಬಲ ಎಷ್ಟೋ ಅಷ್ಟೇ. ತಿರುವಿದರೆ ಹಿಡಿಕೆ ಉದ್ದವಾದಷ್ಟೂ ಬಲ ಹೆಚ್ಚುತ್ತದೆ. ಬೀಸುವ ಕಲ್ಲಿಗೆ ಗೂಟ ಅಂಚಿನಲ್ಲಿ ಯಾಕೆ ಇರುತ್ತದೆ? ನಡುವೆ ಇದ್ದರೆ ಕಲ್ಲು ತಿರುಗಿಸಲು ಆಗುತ್ತಿರಲಿಲ್ಲ. ಅದೇ ಉಪಾಯ ಇಲ್ಲಿ.

ಸೀಟನ್ನೇ ಹಿಡಿದು ತಿರುವಬಹುದಲ್ಲ ಅನ್ನಬಹುದು. ಹೊಸದಾಗಿ ಕಚ್ಚಿಕೊಂಡ ಪೈಪಾದರೆ ಬಂದೀತು. ಹಳೆಯದಾದರೆ ಸೀಟಿನ ಕ್ಲಿಪ್ಪೇ ಜಾರುತ್ತದೆ, ಸ್ಪ್ರಿಂಗು ಮುರಿಯುತ್ತದೆ. ಅದಕ್ಕೇ ಕಾಕಾ ಸೀಟು ಮೊದಲೇ ಬಿಚ್ಚಿದ್ದು.

ಪೈಪ್ ರೆಂಚು ಇದ್ದರೆ ಅದರಿಂದ ಪೈಪು ಹಿಡಿಯಬೇಕು. ನಲ್ಲಿ ಕೆಲಸದವರ ಹತ್ತಿರ ಇದು ಇರುತ್ತದೆ. ಪೈಪಿನ ಕುತ್ತಿಗೆ ಮೇಲುಗಡೆ ಸಣ್ಣದಾಗಿರುತ್ತದೆ. ಅಲ್ಲಿ ಹಿಡಿದರೆ ಬಾಗುತ್ತದೆ. ಕೆಳಗೆ ದಪ್ಪ ಇರುವಲ್ಲಿ ಹಿಡಿಯಬೇಕು. ರೆಂಚಿನ ಹಲ್ಲು ಪೈಪಿಗೆ ಗಾಯ ಮಾಡುತ್ತದೆ. ಮಾಡಲಿ. ಯಾವುದು ಹಾಳಾಗಬಹುದು ಅಂತ ಆಗಲೇ ಹೇಳಿದ್ದೇವೆ.

ಇದಕ್ಕಿಂತ ಒಳ್ಳೆಯ ದಾರಿ ವೈಸು. ವೆಲ್ಡಿಂಗ್ ಅಂಗಡಿಯಲ್ಲಿ, ಟ್ರ್ಯಾಕ್ಟರ್ ರಿಪೇರಿಯಲ್ಲಿ ದಪ್ಪ ಮೇಜಿಗೆ ಬಿಗಿದ ವೈಸು ಇರುತ್ತದೆ. ಚಕ್ರ ಎರಡೂ ಬಿಚ್ಚಿ, ಫ್ರೇಮು ತಲೆಕೆಳಗು ಮಾಡಿ, ಸೀಟಿನ ಪೈಪನ್ನು ವೈಸಿನ ಬಾಯಿಗೆ ಕೊಟ್ಟು ಬಿಗಿಯಬೇಕು. ಈಗ ಪೈಪು ಅಲುಗುವುದಿಲ್ಲ. ಇಡೀ ಫ್ರೇಮೇ ಹಿಡಿಕೆ. ಒಬ್ಬರು ಮುಂದೆ, ಒಬ್ಬರು ಹಿಂದೆ ಹಿಡಿದು ಮೆಲ್ಲಗೆ ತಿರುವಬೇಕು.

"ಒಮ್ಮೆಲೇ ಜೋರು ಹಚ್ಚಬ್ಯಾಡ್ರಿ. ಫ್ರೇಮಿನ ಪೈಪು ತೆಳ್ಳಗಿರ್ತೈತಿ, ಹಿಂಡಿದಂಗ ಆಗ್ತೈತಿ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ. ಹಾಂ, ಹಂಗ."

ಅಕ್ಕ ಹ್ಯಾಂಡಲಿನ ಕಡೆ ನಿಂತಳು. ಮೈದುನ ಹಿಂದೆ. ಮೊದಲು ಏನೂ ಆಗಲಿಲ್ಲ. ಕಾಕಾ ಮತ್ತೆ ಎಣ್ಣೆ ಬಿಟ್ಟ, ಮತ್ತೆ ತಟ್ಟಿದ. ಮತ್ತೆ ತಿರುವಿದರು. ಏನೂ ಇಲ್ಲ.

"ಬಿಸಿನೀರು ಕಾಸ್ರಿ" ಅಂದ ಕಾಕಾ.

ಕಾಯಿಸುವುದು

ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಹಾಕುವುದನ್ನು ಹಿರಿಯರು ನೋಡಿದ್ದಾರೆ. ಕಮ್ಮಾರ ಹಳಿಯನ್ನು ಬೆಂಕಿಯಲ್ಲಿ ಕಾಯಿಸುತ್ತಿದ್ದ. ಕಾದ ಹಳಿ ಹಿಗ್ಗುತ್ತದೆ. ಗಾಲಿಗೆ ಸುಲಭವಾಗಿ ಕೂರುತ್ತದೆ. ನೀರು ಹೊಯ್ದರೆ ಕುಗ್ಗಿ ಗಾಲಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಹಿಗ್ಗಿದ್ದು ಬಿಡುತ್ತದೆ, ಕುಗ್ಗಿದ್ದು ಹಿಡಿಯುತ್ತದೆ. ಇಲ್ಲಿ ನಮಗೆ ಬೇಕಾದದ್ದು ಹೊರಗಿನ ಫ್ರೇಮು ಹಿಗ್ಗುವುದು.

ಫ್ರೇಮಿನ ಬಾಯಿಯ ಸುತ್ತ ಕುದಿಯುವ ನೀರು ಹೊಯ್ಯಬೇಕು. ಮೊದಲು ಫ್ರೇಮು ಕಾಯುತ್ತದೆ, ಒಳಗಿನ ಪೈಪು ಆಮೇಲೆ. ಆ ನಡುವಿನ ಸ್ವಲ್ಪ ಹೊತ್ತಿನಲ್ಲೇ ತಿರುವಬೇಕು. ತಡ ಮಾಡಿದರೆ ಎರಡೂ ಕಾದು ಎರಡೂ ಹಿಗ್ಗುತ್ತವೆ. ಹಿಗ್ಗುವುದು ಎಷ್ಟು? ಒಂದು ಕೂದಲಿನ ದಪ್ಪದ ಅರ್ಧವೂ ಇಲ್ಲ. ಆದರೂ ತುಕ್ಕಿನ ಹಿಡಿತ ಮುರಿಯಲು ಕೆಲವೊಮ್ಮೆ ಅಷ್ಟು ಸಾಕು. ಕುದಿಯುವ ನೀರಿನಿಂದ ಬಣ್ಣ ಸುಡುವುದಿಲ್ಲ. ಕೈಕಾಲು ಮಾತ್ರ ಜೋಪಾನ.

ಬೆಂಕಿ ಹಚ್ಚಿ ಕಾಯಿಸುವುದೂ ಉಂಟು. ಬ್ಲೋಲ್ಯಾಂಪು, ಗ್ಯಾಸಿನ ಉರಿ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಮೂರು ದಿನ ಡೀಸೆಲ್ ಕುಡಿಸಿದ ಪೈಪದು. ಉರಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಬಣ್ಣ ಸುಟ್ಟು ಕೆಟ್ಟ ಹೊಗೆ ಬರುತ್ತದೆ. ಫ್ರೇಮು ಕೆಂಪಗೆ ಕಾದರೆ ಬೆಸುಗೆಯ ಬಲ ಹೋಗುತ್ತದೆ. ವೆಲ್ಡಿಂಗ್ ಕೆಲಸ ಬಲ್ಲವರು ಎಣ್ಣೆ ಒರೆಸಿ, ಟೈರು ಬಿಚ್ಚಿ, ಬಯಲಲ್ಲಿ ಮಾಡಬೇಕು. ಹತ್ತಿರ ಉಸುಕಿನ ಬಕೆಟ್ಟು ಇರಬೇಕು.

ಈಗಿನ ಕೆಲವು ಸೈಕಲ್ಲುಗಳಲ್ಲಿ ಸೀಟಿನ ಪೈಪು ಅಲ್ಯೂಮಿನಿಯಂ. ಅದಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಗುರುತು ಹೇಗೆ? ಅಯಸ್ಕಾಂತ ಹಿಡಿದು ನೋಡಿ. ಕಬ್ಬಿಣಕ್ಕೆ ಅಂಟುತ್ತದೆ. ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಕೆಂಪು ಪುಡಿಯ ಬದಲು ಅಲ್ಲಿ ಬಿಳಿ ಪುಡಿ ಕಾಣುತ್ತದೆ. ಎರಡು ಬೇರೆ ಲೋಹ ಕೂಡಿ ನಡುವೆ ನೀರು ನಿಂತರೆ ಒಂದು ಲೋಹ ಬೇಗ ತಿನ್ನಿಸಿಕೊಳ್ಳುತ್ತದೆ. ಬ್ಯಾಟರಿಯೊಳಗೆ ನಡೆಯುವಂಥದ್ದೇ ಕೆಲಸ. ಕಾಯಿಸಿದರೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಒಳಗಿನ ಪೈಪೇ ಹಿಗ್ಗಿದರೆ ಇನ್ನೂ ಬಿಗಿ. ಅಲ್ಲಿ ತಂಪು ಮಾಡಬೇಕು. ಅರಿವೆಯಲ್ಲಿ ಐಸು ಕಟ್ಟಿ ಪೈಪಿಗೆ ಸುತ್ತಿ ಕಾಲು ತಾಸು ಬಿಟ್ಟು ತಿರುವಬೇಕು. ಕಾಸ್ಟಿಕ್ ಸೋಡಾ ಹಾಕಿ ಪೈಪನ್ನೇ ಕರಗಿಸುವವರೂ ಇದ್ದಾರೆ. ಅದು ಕಣ್ಣು, ಚರ್ಮ ಸುಡುತ್ತದೆ. ಬೆಂಕಿ ಹತ್ತುವ ಅನಿಲ ಬರುತ್ತದೆ. ಮನೆಯಲ್ಲಿ ಅದರ ಗೊಡವೆ ಬೇಡ.

ಇದ್ಯಾವುದಕ್ಕೂ ಬಗ್ಗದ ಪೈಪೂ ಇರುತ್ತದೆ. ಆಗ ಉಳಿದ ದಾರಿ ಗರಗಸ. ಪೈಪನ್ನು ಒಂದು ಇಂಚು ಬಿಟ್ಟು ಕತ್ತರಿಸಬೇಕು. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಅರಿವೆ ಸುತ್ತಿ ಹಿಡಿಕೆ ಮಾಡಿಕೊಳ್ಳಬೇಕು. ಬ್ಲೇಡನ್ನು ಪೈಪಿನ ಒಳಗೆ ಹಾಕಿ ಉದ್ದಕ್ಕೆ ಸೀಳು ಕೊಯ್ಯಬೇಕು. ಪೈಪು ಮಾತ್ರ ಕೊಯ್ಯಬೇಕು, ಫ್ರೇಮು ಕೊಯ್ಯಬಾರದು. ಸೀಳಾದ ಮೇಲೆ ಪೈಪನ್ನು ಒಳಕ್ಕೆ ಮಡಚಿ ಎಳೆಯಬಹುದು. ಅರ್ಧ ದಿನದ ಕೆಲಸ. ರಟ್ಟೆ ಬಿದ್ದುಹೋಗುತ್ತವೆ. ಆದರೆ ಫ್ರೇಮು ಉಳಿಯುತ್ತದೆ.

ಅಕ್ಕನಿಗೆ ಅಷ್ಟು ಕಷ್ಟ ಬರಲಿಲ್ಲ. ಎರಡು ಕೆಟಲ್ ಕುದಿನೀರು ಹೊಯ್ದರು. ಮೂವರೂ ಕೂಡಿ ತಿರುವಿದರು. "ಕರ್ ಕರ್" ಅಂತ ಸದ್ದಾಯಿತು. ಹಲ್ಲು ಜುಮ್ಮೆನ್ನುವ ಸದ್ದು. ಮೈದುನ ಹೆದರಿ ಕೈಬಿಟ್ಟ.

"ಮುರೀತು!" ಅಂದ.

"ಮುರದಿಲ್ಲೋ ತಮ್ಮಾ, ಬಿಟ್ಟೈತಿ!" ಅಂತ ಕಾಕಾ ನಕ್ಕ.

ಕದಲಿತು ಅಂತ ಒಮ್ಮೆಲೇ ಎಳೆಯಬಾರದು. ಮತ್ತೆ ಎಣ್ಣೆ. ಆ ಕಡೆ, ಈ ಕಡೆ. ತಿರುವುತ್ತ ತಿರುವುತ್ತ ಮೇಲಕ್ಕೆ. ಕೆಂಪು ಎಣ್ಣೆ ಸೋರಿತು. ಮೆಣಸಿನಕಾಯಿ ಒಗ್ಗರಣೆಯ ಹಾಗೆ. ಕೊನೆಗೆ ಪೈಪು ಪೂರ್ತಿ ಹೊರಗೆ ಬಂತು.

ಮತ್ತೆ ಕೂಡಿಸುವುದು

ಪೈಪು ಬಂದ ಮೇಲೆ ಕೆಲಸ ಮುಗಿಯಲಿಲ್ಲ. ಹಾಗೇ ಒಳಗೆ ತುರುಕಿದರೆ ಬರುವ ಮಳೆಗಾಲಕ್ಕೆ ಮತ್ತೆ ಇದೇ ಪಾಡು. ಒಂದು ಕೋಲಿಗೆ ಉಪ್ಪು ಕಾಗದ ಸುತ್ತಿ ಫ್ರೇಮಿನ ಒಳಗೆ ತಿಕ್ಕಬೇಕು. ತುಕ್ಕಿನ ಪುಡಿ ಉದುರಿಸಬೇಕು. ಅರಿವೆಯಿಂದ ಒರೆಸಿ ಒಣಗಿಸಬೇಕು. ಪೈಪನ್ನೂ ಹಾಗೇ ತಿಕ್ಕಬೇಕು. ರೆಂಚಿನ ಗಾಯದಲ್ಲಿ ಚೂಪು ಎದ್ದಿದ್ದರೆ ಅರದಿಂದ ಉಜ್ಜಬೇಕು.

ಈಗ ಬಂತು ನೋಡಿ ಗ್ರೀಸಿನ ಸರದಿ. ಬಿಡಿಸುವಾಗ ತೆಳು ಎಣ್ಣೆ, ಕೂಡಿಸುವಾಗ ದಪ್ಪ ಗ್ರೀಸು. ಗ್ರೀಸು ಸಂದಿನಲ್ಲಿ ಕುಳಿತರೆ ನೀರಿಗೆ ಜಾಗವಿಲ್ಲ. ಗ್ರೀಸು ಹಚ್ಚಿದರೆ ಸೀಟು ಜಾರುತ್ತದೆ ಅಂತ ಕೆಲವರು ಹೆದರುತ್ತಾರೆ. ಬೋಲ್ಟು ಸರಿಯಾಗಿ ಬಿಗಿದರೆ ಜಾರುವುದಿಲ್ಲ.

ಪೈಪು ಫ್ರೇಮಿನೊಳಗೆ ಎಷ್ಟಿರಬೇಕು? ಕಡಿಮೆ ಅಂದರೂ ಎರಡೂವರೆ ಇಂಚು. ನಾಲ್ಕು ಬೆರಳು ಕೂಡಿಸಿ ಹಿಡಿದಷ್ಟು ಇದ್ದರೆ ಚಿಂತೆಯಿಲ್ಲ. ಅದಕ್ಕಿಂತ ಮೇಲೆ ಏರಿಸಿದರೆ ಪೈಪು ಬಾಗುತ್ತದೆ, ಇಲ್ಲವೇ ಫ್ರೇಮಿನ ಬಾಯಿ ಬಿರಿಯುತ್ತದೆ.

ಸೀಟಿನ ಎತ್ತರ ಹೀಗೆ ನೋಡಬೇಕು. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತುಕೊಳ್ಳಿ. ಪೆಡಲು ಪೂರ್ತಿ ಕೆಳಗಿರಲಿ. ಹಿಮ್ಮಡಿ ಪೆಡಲಿನ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಬಹಳ ವರ್ಷ ಸೈಕಲ್ ಬಿಟ್ಟವರು, ಹೊಸದಾಗಿ ಕಲಿಯುವವರು ಇದಕ್ಕಿಂತ ಸ್ವಲ್ಪ ಕೆಳಗೆ ಇಟ್ಟುಕೊಳ್ಳಲಿ. ನಿಂತಾಗ ಎರಡೂ ಕಾಲಿನ ಬೆರಳು ನೆಲಕ್ಕೆ ತಾಗಬೇಕು. ಕೈ ಕುದುರಿದ ಮೇಲೆ ಏರಿಸಿದರಾಯಿತು. ಈಗ ಏರಿಸಲು ಬರುತ್ತದಲ್ಲ!

ಕಾಕಾ ಹಳೇ ಟ್ಯೂಬಿನಿಂದ ಒಂದು ಬಳೆ ಕತ್ತರಿಸಿದ. ಪೈಪಿಗೆ ತೊಡಿಸಿ ಸೀಳಿನ ಮೇಲೆ ಬರುವಂತೆ ಎಳೆದ. ನೀರು ಸೀಳಿಗೆ ಇಳಿಯದಿರಲಿ ಅಂತ. "ವರ್ಷಕ್ಕೊಮ್ಮೆ, ಮಿರಗದ ಮಳಿ ಬರೂದಕ್ಕ ಮೊದಲ ಸೀಟು ತಗದು ಗ್ರೀಸು ಹಚ್ಚು" ಅಂದ. ಮಿರಗ ಅಂದರೆ ಮೃಗಶಿರಾ ಮಳೆ, ಜೂನ್ ತಿಂಗಳಲ್ಲಿ ಬರುವುದು.

ಹಳೇ ಪೈಪಿನ ಮೇಲೆ ಒಂದು ಕಪ್ಪು ಗೆರೆ ಉಳಿದಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮಾವನವರ ಎತ್ತರ ಅದು. ಇಷ್ಟು ವರ್ಷ ಪೈಪು ಅಲ್ಲಿಯೇ ನಿಂತಿತ್ತು. ಅಕ್ಕ ಸೀಟನ್ನು ತನ್ನ ಎತ್ತರಕ್ಕೆ ಇಳಿಸಿದಳು. ಗೆರೆ ಫ್ರೇಮಿನೊಳಗೆ ಹೋಯಿತು. ಪಾನಾ ತಗೊಂಡು ಬೋಲ್ಟು ತಾನೇ ಬಿಗಿದಳು. ಹಿಂದಿನ ರಿಮ್ಮಿನ ಎಣ್ಣೆ ಒರೆಸಿದಳು. ಹತ್ತುವ ಮೊದಲು ಎರಡೂ ಬ್ರೇಕು ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡಿದಳು. ಸೈಕಲ್ಲು ಸರಿಯಲಿಲ್ಲ.

"ಎಷ್ಟಾತು ಕಾಕಾ?" ಅಂತ ಕೇಳಿದಳು.